ವಿತ್ತೀಯ ಕೊರತೆ, ಮೇಲಾಧಾರ, ಹಣದುಬ್ಬರ: ನೀವು ಮಕ್ಕಳಿಗೆ ಹೇಗೆ ಹೇಳ್ತೀರಿ?

ಕಾಪು ಟೀಚರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಕಾಪು ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾನು ಓದಿದ್ದು ಇತಿಹಾಸ ಮತ್ತು ರಾಜ್ಯಶಾಸ್ತ್ರ. ಆದರೆ ನಮ್ಮ ವಿಷಯದಲ್ಲಿ ಅರ್ಥಶಾಸ್ತ್ರವೂ ಉಂಟಲ್ಲ, ಅದನ್ನೂ ನಾವೇ ಮಾಡಬೇಕು. ಇಷ್ಟು ವರ್ಷ ಪುಸ್ತಕದಲ್ಲಿ ಇದ್ದ ಹಾಗೆ ಹೇಳಿಕೊಂಡು ಬಂದೆ. ಈ ವರ್ಷ ಅದು ಸಾಕಾಗುತ್ತಿಲ್ಲ.

ಕಳೆದ ವಾರ ಬೋರ್ಡಿನ ಮೇಲೆ ‘ಕಂದಾಯ ಕೊರತೆ’ ಅಂತ ಬರೆದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು, “ಟೀಚರ್, ಜಾಗದ ತೀರ್ವೆ ಕಟ್ಟದೆ ಬಾಕಿ ಇಟ್ಟರೆ ಅದು ಕಂದಾಯ ಕೊರತೆಯಾ?” ಒಳ್ಳೆ ಪ್ರಶ್ನೆ. ಅವಳ ಮನೆಯಲ್ಲಿ ಕಂದಾಯ ಅಂದರೆ ಗ್ರಾಮಕರಣಿಕರ ಹತ್ತಿರ ಕಟ್ಟುವ ತೀರ್ವೆ, ಜಾಗದ ತೆರಿಗೆ. ನಾನು ಪುಸ್ತಕದ ವ್ಯಾಖ್ಯೆಯನ್ನೇ ಇನ್ನೊಮ್ಮೆ ಓದಿದೆ. ಅವಳು ತಲೆ ಆಡಿಸಿ ಬರೆದುಕೊಂಡಳು. ಅವಳಿಗೆ ಅರ್ಥ ಆಗಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು.

ನನಗೆ ತೊಡಕಾಗಿರುವ ಪದಗಳು ಇವು: ವಿತ್ತೀಯ ಕೊರತೆ, ಕಂದಾಯ ಕೊರತೆ, ಹಣದುಬ್ಬರ, ಮೇಲಾಧಾರ, ಮರೆಮಾಚಿದ ನಿರುದ್ಯೋಗ. ಪಿಯುಸಿಗೆ ಹೋದ ಹಳೆ ಮಕ್ಕಳು ಬಂದು ‘ಸೀಮಾಂತ ತುಷ್ಟಿಗುಣ’, ‘ಅವಕಾಶ ವೆಚ್ಚ’ ಅಂತಲೂ ಕೇಳುತ್ತಾರೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಮನೆಯಲ್ಲಿ ತುಳು ಮಾತಾಡುವವರು. ಕೆಲವರು ಕೊಂಕಣಿ, ಕೆಲವರು ಬ್ಯಾರಿ. ಶಾಲೆಯ ಕನ್ನಡವೇ ಅವರಿಗೆ ಎರಡನೇ ಭಾಷೆ. ಅದರ ಮೇಲೆ ಈ ಪದಗಳು. ನೀವೆಲ್ಲ ಕ್ಲಾಸಿನಲ್ಲಿ ಹೇಗೆ ಹೇಳುತ್ತೀರಿ ಅಂತ ದಯವಿಟ್ಟು ಬರೆಯಿರಿ.

ಕುಂದಾಪುರ ಮಾಸ್ಟ್ರು

ಟೀಚರ್, ಇದು ನಿಮ್ಮೊಬ್ಬರ ಕಷ್ಟ ಅಲ್ಲ. ನಾನು ಹೋದ ಒಂದು ತರಬೇತಿಯಲ್ಲಿ ಕೂಡ ಸಂಪನ್ಮೂಲ ವ್ಯಕ್ತಿಗಳು ಪುಸ್ತಕದ ಸಾಲುಗಳನ್ನೇ ಪರದೆ ಮೇಲೆ ಹಾಕಿ ಓದಿದರು. ಕೇಳಲಿಕ್ಕೆ ಹೋದದ್ದು ಕೇಳಿಯೇ ಆಗಲಿಲ್ಲ.

ನಾನು ಮಾಡುವುದು ಪದ ಬಿಡಿಸುವುದು. ಆಯವ್ಯಯ ಅಂದರೆ ಆಯ ಮತ್ತು ವ್ಯಯ, ಬಂದದ್ದು ಮತ್ತು ಹೋದದ್ದು. ಮುಂಗಡಪತ್ರ ಅಂತ ಹೇಳಿದರೆ ನಮ್ಮ ಮಕ್ಕಳು ಅಡ್ವಾನ್ಸ್ ಕೊಟ್ಟ ಕಾಗದ ಅಂದುಕೊಳ್ಳುತ್ತಾರೆ. ಹಾಗಾಗಿ ಮೊದಲು ‘ಬಜೆಟ್’ ಅಂತಲೇ ಹೇಳಿ, ಆಮೇಲೆ ಆಯವ್ಯಯಕ್ಕೆ ಬರುತ್ತೇನೆ. ವಿತ್ತೀಯ ಕೊರತೆಯ ವ್ಯಾಖ್ಯೆಯಲ್ಲಿ ಬರುವ ‘ಸಾಲೇತರ’ ಅನ್ನುವ ಪದವನ್ನು ಕನ್ನಡ ಮೇಡಂ ಅವರ ಪೀರಿಯಡ್‌ನಲ್ಲಿ ಸಂಧಿ ಬಿಡಿಸಿಸಿದೆ. ಸಾಲ, ಇತರ. ಸಾಲ ಬಿಟ್ಟು ಬೇರೆ. ಅಷ್ಟರಲ್ಲಿ ಅರ್ಧ ಪಾಠ ಆಯಿತು.

ನಿಮ್ಮ ಕಂದಾಯದ ಗೊಂದಲಕ್ಕೆ ಒಂದು ದಾರಿ. ಕೆಲವು ಪುಸ್ತಕಗಳಲ್ಲಿ ಅದನ್ನೇ ‘ರಾಜಸ್ವ’ ಅಂತ ಬರೆಯುತ್ತಾರೆ. ಎರಡೂ ಒಂದೇ ಅಂತ ಹೇಳಿಬಿಡಿ. ತೀರ್ವೆ ಅದರಲ್ಲಿ ಒಂದು ಚೂರು ಅಷ್ಟೆ. ಜಿಎಸ್‌ಟಿ, ಆದಾಯ ತೆರಿಗೆ, ನೋಂದಣಿ ಶುಲ್ಕ, ಸರಕಾರಿ ಕಂಪನಿಯಿಂದ ಬರುವ ಲಾಭಾಂಶ ಎಲ್ಲವೂ ಅದರೊಳಗೇ.

ಮಂಗಳೂರು ಪಿಯು ಉಪನ್ಯಾಸಕ

ಮಾಸ್ಟ್ರು ಹೇಳಿದ ದಾರಿ ಸಾಲೇತರಕ್ಕೆ ಸರಿ. ‘ವಿತ್ತೀಯ’ಕ್ಕೆ ಸಾಕಾಗುವುದಿಲ್ಲ. ವಿತ್ತ ಅಂದರೆ ಹಣ ಅಂತ ಬಿಡಿಸಿದರೆ ಹಣದ ಕೊರತೆ ಅಂತಾಗುತ್ತದೆ. ಹಾಗಾದರೆ ಕಂದಾಯ ಕೊರತೆಯೂ ಹಣದ ಕೊರತೆಯೇ ಅಲ್ವಾ? ಇಲ್ಲಿ ಲೆಕ್ಕ ಮಾಡಿಯೇ ತೋರಿಸಬೇಕು. ನಾನು ಹೇಳುವ ಲೆಕ್ಕ ಒಂದು ದೋಣಿ ಇರುವ ಮನೆಯದ್ದು. ಅಂಕಿಗಳು ಕ್ಲಾಸಿಗೋಸ್ಕರ ಮಾಡಿಕೊಂಡವು.

ಒಂದು ತಿಂಗಳು ಮೀನು ಮಾರಿ ಬಂದದ್ದು 40,000 ರೂಪಾಯಿ. ಡೀಸೆಲ್, ಐಸ್, ಕೂಲಿ, ಮನೆಯ ದಿನಸಿಗೆ ಹೋದದ್ದು 29,000. ಹಳೆ ಸಾಲದ ಬಡ್ಡಿ 6,000. ಇದು ಪ್ರತಿ ತಿಂಗಳೂ ಬಂದು ಹೋಗುವ ಲೆಕ್ಕ. ಬಂದದ್ದು 40, ಹೋದದ್ದು 35. ಇಲ್ಲಿ ಕೊರತೆ ಇಲ್ಲ, 5 ಸಾವಿರ ಉಳಿದಿದೆ. ಸರಕಾರದ ಪುಸ್ತಕದಲ್ಲಿ ಈ ಲೆಕ್ಕಕ್ಕೆ ಕಂದಾಯ ಲೆಕ್ಕ ಅನ್ನುತ್ತಾರೆ. ಹೋದದ್ದೇ ಜಾಸ್ತಿ ಆಗಿದ್ದರೆ ಅದು ಕಂದಾಯ ಕೊರತೆ.

ಅದೇ ತಿಂಗಳು ಹೊಸ ಇಂಜಿನ್ ಹಾಕಿಸಿದರು, 30,000. ಹಳೆ ಬಲೆ ಮಾರಿ 5,000 ಬಂತು. ಭಾವನಿಗೆ ಕೊಟ್ಟಿದ್ದ ಸಾಲ 5,000 ವಾಪಸ್ ಬಂತು. ಇವು ಬಂಡವಾಳ ಲೆಕ್ಕ. ಬಲೆ ಮಾರಿದ್ದು ಸರಕಾರ ತನ್ನ ಕಂಪನಿಯ ಷೇರು ಮಾರಿದ ಹಾಗೆ. ಭಾವ ಕೊಟ್ಟದ್ದು ಸಾಲ ವಸೂಲಿ.

ಈಗ ಎಲ್ಲ ಒಟ್ಟು ಹಾಕಿ. ಖರ್ಚು 65,000. ಸಾಲ ಮಾಡದೆ ಕೈಗೆ ಬಂದದ್ದು 50,000. ಉಳಿದ 15,000ಕ್ಕೆ ಸೊಸೈಟಿಗೆ ಹೋಗಲೇಬೇಕು. ಆ 15,000 ವಿತ್ತೀಯ ಕೊರತೆ. ಅದರಿಂದ ಹಳೆ ಸಾಲದ ಬಡ್ಡಿ 6,000 ಕಳೆದರೆ 9,000. ಅದು ಪ್ರಾಥಮಿಕ ಕೊರತೆ. ಹಿಂದಿನವರ ಸಾಲದ ಬಡ್ಡಿ ಬದಿಗಿಟ್ಟರೆ ಈ ತಿಂಗಳ ನಮ್ಮದೇ ಕೊರತೆ ಎಷ್ಟು ಅಂತ ಅದು ಹೇಳುತ್ತದೆ.

ಮಕ್ಕಳು ಮಾಡುವ ತಪ್ಪು ಯಾವಾಗಲೂ ಒಂದೇ. ಸೊಸೈಟಿಯಿಂದ ತಂದ 15,000ವನ್ನೂ ‘ಬಂದದ್ದು’ ಅಂತ ಸೇರಿಸುತ್ತಾರೆ. ಆಗ 65ಕ್ಕೆ 65 ಸರಿಹೋಗಿ ಕೊರತೆಯೇ ಮಾಯ ಆಗುತ್ತದೆ. ಸಾಲೇತರ ಅನ್ನುವ ಪದ ಅಲ್ಲಿ ಯಾಕೆ ಇದೆ ಅಂತ ಆ ಹೊತ್ತಿಗೆ ಅವರಿಗೇ ಹೊಳೆಯುತ್ತದೆ.

ಕಾಪು ಟೀಚರ್

ಸರ್, ಇದನ್ನು ಕಾಗದದಲ್ಲಿ ಬರೆದು ಎರಡು ಸಲ ಕೂಡಿಸಿದೆ. ತುಂಬ ಉಪಕಾರ ಆಯಿತು. ಒಂದು ಸಂಶಯ. ತಿಂಗಳ ಲೆಕ್ಕದಲ್ಲಿ ಉಳಿತಾಯ ಇದ್ದೂ ವಿತ್ತೀಯ ಕೊರತೆ ಬರುತ್ತದೆ ಅಂತಾದರೆ, ಕೊರತೆ ಅಂದ ಕೂಡಲೇ ಕೆಟ್ಟದ್ದು ಅಂತ ಮಕ್ಕಳಿಗೆ ಹೇಳಬಹುದಾ?

ಮಂಗಳೂರು ಪಿಯು ಉಪನ್ಯಾಸಕ

ಹೇಳಬೇಡಿ. ಇಂಜಿನ್ನಿಗೆ ಮಾಡಿದ ಸಾಲ ನಾಳೆ ಮೀನು ತರುತ್ತದೆ. ದಿನಸಿಗೆ ಸಾಲ ಮಾಡಿದರೆ ನಾಳೆಗೆ ಬಡ್ಡಿ ಮಾತ್ರ. ಅದಕ್ಕೇ ಎರಡು ಕೊರತೆಯನ್ನು ಬೇರೆ ಬೇರೆ ಲೆಕ್ಕ ಹಾಕುವುದು. ಹಾಗಂತ ಇಂಜಿನ್ ಸಾಲವನ್ನೂ ಎಷ್ಟಾದರೂ ಮಾಡುವ ಹಾಗಿಲ್ಲ. ಕೇಂದ್ರ ಸರಕಾರ 2003ರಲ್ಲಿ ಇದಕ್ಕೆಂದೇ ಕಾಯಿದೆ ತಂದಿತು. ನಮ್ಮ ರಾಜ್ಯದ್ದು ಅದಕ್ಕಿಂತ ಒಂದು ವರ್ಷ ಮೊದಲೇ, 2002ರಲ್ಲಿ.

ಇನ್ನೊಂದು ವಿಷಯ ಕ್ಲಾಸಿನಲ್ಲಿ ತಪ್ಪದೆ ಹೇಳಿ. ಮನೆಯ ಹೋಲಿಕೆ ಒಂದು ಹಂತದವರೆಗೆ ಮಾತ್ರ. ಸರಕಾರ ತೆರಿಗೆ ಹಾಕಬಹುದು, ಮನೆ ಹಾಕಲಿಕ್ಕೆ ಆಗುವುದಿಲ್ಲ. ಸರಕಾರ ಖರ್ಚು ಕಡಿಮೆ ಮಾಡಿದರೆ ಗುತ್ತಿಗೆದಾರನ ಆದಾಯ ಇಳಿಯುತ್ತದೆ, ಅವನು ಕಟ್ಟುವ ತೆರಿಗೆಯೂ ಇಳಿಯುತ್ತದೆ. ಮನೆಯಲ್ಲಿ ಹಾಗಾಗುವುದಿಲ್ಲ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಅಂತ ನಾವೇ ಹೇಳಿದರೆ ಮಕ್ಕಳು ಮುಂದೆ ತಪ್ಪು ಕಲಿಯುವುದಿಲ್ಲ.

ಮಣಿಪಾಲದ ನಿವೃತ್ತ ಬ್ಯಾಂಕ್ ನೌಕರ

ನಾನು ಟೀಚರ್ ಅಲ್ಲ. ಬ್ಯಾಂಕಿನಲ್ಲಿ ಇದ್ದವನು. ಮೊಮ್ಮಗಳಿಗೆ ಪಾಠ ಹೇಳಿಕೊಡುವಾಗ ಈ ಪದಗಳು ಸಿಗುತ್ತವೆ. ಮೇಲಾಧಾರದ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಊರಲ್ಲಿ ಇದಕ್ಕೆ ‘ಅಡವು’ ಅನ್ನುವ ಪದ ಇದೆ. ಚಿನ್ನ ಅಡವಿಟ್ಟು ಸಾಲ ತರುವುದನ್ನು ನೋಡದ ಮಗು ಇಲ್ಲಿ ಇರಲಿಕ್ಕಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಅಮ್ಮನ ಕರಿಮಣಿಯೋ ಬಳೆಯೋ ಬ್ಯಾಂಕಿಗೆ ಹೋಗುತ್ತದೆ. ಸಣ್ಣ ತಕ್ಕಡಿಯಲ್ಲಿ ತೂಕ ಮಾಡುತ್ತಾರೆ, ಕಲ್ಲಿನ ತೂಕ ಕಳೆಯುತ್ತಾರೆ, ಲಕೋಟೆಗೆ ಹಾಕಿ ಸೀಲು ಮಾಡುತ್ತಾರೆ, ಸೇಫಿನ ಒಳಗೆ ಇಡುತ್ತಾರೆ. ಮೇಲಾಧಾರ ಅಂತ ಮೊದಲು ಹೇಳಬೇಡಿ, ಅಡವು ಅಂತ ಹೇಳಿ.

ಆದರೆ ಎರಡೂ ಪೂರ್ತಿ ಒಂದೇ ಅಲ್ಲ. ಅಡವಿಟ್ಟ ಚಿನ್ನ ಬ್ಯಾಂಕಿನ ಕೈಯಲ್ಲಿ ಇರುತ್ತದೆ. ಮನೆ ಸಾಲದಲ್ಲಿ ಮನೆಯೇ ಮೇಲಾಧಾರ, ಆದರೂ ನಾವು ಅದರಲ್ಲೇ ವಾಸ ಮಾಡುತ್ತೇವೆ. ದೋಣಿ ಸಾಲದಲ್ಲಿ ದೋಣಿ ಕಡಲಲ್ಲೇ ಇರುತ್ತದೆ. ಸಾಲ ತೀರಿಸದೇ ಇದ್ದರೆ ಯಾವುದನ್ನು ಮಾರಿ ವಸೂಲಿ ಮಾಡುವ ಹಕ್ಕು ಸಾಲ ಕೊಟ್ಟವರಿಗೆ ಇದೆಯೋ ಅದು ಮೇಲಾಧಾರ. ವಸ್ತು ಎಲ್ಲಿ ಇದೆ ಅನ್ನುವುದು ಮುಖ್ಯ ಅಲ್ಲ. ಇಷ್ಟು ಹೇಳಿದರೆ ಏನೂ ಇಲ್ಲದ ಬಡವರಿಗೆ ಬ್ಯಾಂಕ್ ಸಾಲ ಯಾಕೆ ಸಿಗುವುದಿಲ್ಲ, ಸ್ವಸಹಾಯ ಸಂಘ ಯಾಕೆ ಬಂತು ಅನ್ನುವುದಕ್ಕೂ ದಾರಿ ಆಗುತ್ತದೆ. ಸಂಘದಲ್ಲಿ ಒಬ್ಬರಿಗೊಬ್ಬರು ಜವಾಬ್ದಾರಿ. ಆ ಜವಾಬ್ದಾರಿಯೇ ಅಡವಿನ ಜಾಗದಲ್ಲಿ ನಿಂತಿದೆ.

‘ಪತ್ತು’ ಅನ್ನುವ ಪದವೂ ಹಾಗೆಯೇ. ಪುಸ್ತಕದಲ್ಲಿ ಬಂದರೆ ಮಕ್ಕಳು ಕಣ್ಣು ಬಾಯಿ ಬಿಡುತ್ತಾರೆ. ಆದರೆ ಬಸ್‌ಸ್ಟ್ಯಾಂಡಿನ ಎದುರು ‘ಪತ್ತಿನ ಸಹಕಾರ ಸಂಘ’ ಅನ್ನುವ ಬೋರ್ಡನ್ನು ದಿನಾ ನೋಡುತ್ತಾರೆ. ಆ ಬೋರ್ಡನ್ನು ಒಮ್ಮೆ ಓದಿಸಿ. ಸಾಲ ಕೊಡುವಷ್ಟು ನಂಬಿಕೆ, ಅದು ಪತ್ತು.

ಇನ್ನೊಂದು ಮಾತು. ಠೇವಣಿ ಅಂದರೆ ಬ್ಯಾಂಕಿನ ಸಂಪತ್ತು ಅಂತ ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ತಿಳಿದಿದ್ದಾರೆ. ಅದು ಬ್ಯಾಂಕಿನ ಹೊಣೆ, ವಾಪಸ್ ಕೊಡಬೇಕಾದ ಹಣ. ಬ್ಯಾಂಕ್ ಕೊಟ್ಟ ಸಾಲವೇ ಬ್ಯಾಂಕಿನ ಆಸ್ತಿ. ಇದನ್ನು ಹೇಳಲಿಕ್ಕೆ ನಮಗೆ ಪಿಗ್ಮಿಗಿಂತ ಒಳ್ಳೆ ಉದಾಹರಣೆ ಬೇಡ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 1928ರಲ್ಲಿ ಪಿಗ್ಮಿ ತಂದಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಆ ಎರಡಾಣೆ ಕೊಟ್ಟವರ ಪುಸ್ತಕದಲ್ಲಿ ಉಳಿತಾಯ. ಅದೇ ಎರಡಾಣೆ ಬ್ಯಾಂಕಿನ ಪುಸ್ತಕದಲ್ಲಿ ಕೊಡಬೇಕಾದ ಬಾಕಿ. ಪಿಗ್ಮಿ ಪಾಸ್‌ಬುಕ್ ಮನೆಯಲ್ಲಿ ಇದ್ದರೆ ತರಲು ಹೇಳಿ.

ಕುಂದಾಪುರ ಮಾಸ್ಟ್ರು

ಇದನ್ನು ಓದಿ ಒಂದು ಯೋಚನೆ ಬಂತು. ರಾಷ್ಟ್ರೀಕರಣದ ಪಾಠವನ್ನೂ ಇಲ್ಲಿಂದಲೇ ಶುರು ಮಾಡಬಹುದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. 1969ರ ಜುಲೈಯಲ್ಲಿ ರಾಷ್ಟ್ರೀಕರಣ ಆದ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ 6ರಲ್ಲಿ ಕಾರ್ಪೊರೇಶನ್, ವಿಜಯಾ. ಕರ್ಣಾಟಕ ಬ್ಯಾಂಕ್ ಇವತ್ತಿಗೂ ಖಾಸಗಿ. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಐದು ಬ್ಯಾಂಕು. ಆಗ ಉಡುಪಿ ಮಂಗಳೂರು ಒಂದೇ ಜಿಲ್ಲೆ ಅಂತಲೂ ಹೇಳಬೇಕು, 1997ರ ನಂತರ ಹುಟ್ಟಿದ ಮಕ್ಕಳಿಗೆ ಅದು ಗೊತ್ತಿಲ್ಲ.

ಶಿರ್ವದ ಟೀಚರ್

ನಾನು ಪಿಯು ಮಕ್ಕಳಿಗೆ ಟ್ಯೂಶನ್ ಕೊಡುತ್ತೇನೆ. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಬಾಯಿಗೇ ಬರುವುದಿಲ್ಲ ಅಂತ ಮಕ್ಕಳು ಹೇಳುತ್ತಾರೆ. ನಾನು ಶಂಕರಪುರ ಮಲ್ಲಿಗೆ ಹೇಳುತ್ತೇನೆ. ನಮ್ಮ ಸುತ್ತಮುತ್ತ ಮನೆಮನೆಯಲ್ಲಿ ಹೂ ಕಟ್ಟುತ್ತಾರೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆಮೇಲೆ ಎಲ್ಲರೂ ಕಾಯುವುದು ಇವತ್ತಿನ ಅಟ್ಟೆ ರೇಟ್ ಎಷ್ಟು ಅಂತ. ಮದುವೆ ಸಮಯದಲ್ಲಿ ಏರುತ್ತದೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತು) ಕೇಳುವವರಿಲ್ಲ. ಹೀಗೆ ಬೆಲೆ ಎಳೆದು ಬಿಟ್ಟ ಹಾಗೆ ಆಗುವುದೇ ಸ್ಥಿತಿಸ್ಥಾಪಕತ್ವ ಅಂತ ಹೇಳಿದ್ದೇನೆ. ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಮಂಗಳೂರು ಪಿಯು ಉಪನ್ಯಾಸಕ

ಮೇಡಂ, ಮಲ್ಲಿಗೆಯ ಉದಾಹರಣೆ ತುಂಬ ಚೆನ್ನಾಗಿದೆ, ಬಿಡಬೇಡಿ. ಆದರೆ ಅದು ಬೇರೆ ಪಾಠದ ಉದಾಹರಣೆ. ತಪ್ಪು ತಿಳಿಯಬೇಡಿ, ಇದೇ ತಪ್ಪನ್ನು ಪರೀಕ್ಷೆಯ ಪೇಪರುಗಳಲ್ಲಿ ಬಹಳ ನೋಡಿದ್ದೇನೆ.

ಆಟಿಯಲ್ಲಿ ಮದುವೆ ಇಲ್ಲ, ಹಾಗಾಗಿ ಹಿಂದಿನ ಬೆಲೆಗೂ ಹೂ ಕೊಳ್ಳುವವರು ಕಡಿಮೆ. ಇದು ಬೇಡಿಕೆಯೇ ಬದಲಾದದ್ದು. ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಬೇಡಿಕೆ ರೇಖೆ ಪೂರ್ತಿ ಎಡಕ್ಕೆ ಸರಿಯುತ್ತದೆ. ಸ್ಥಿತಿಸ್ಥಾಪಕತ್ವ ಕೇಳುವ ಪ್ರಶ್ನೆ ಬೇರೆ. ಬೆಲೆ ಇಷ್ಟು ಏರಿದರೆ ಕೊಳ್ಳುವ ಪ್ರಮಾಣ ಎಷ್ಟು ಇಳಿಯುತ್ತದೆ? ಮದುಮಗಳ ಜಡೆಗೆ ಮಲ್ಲಿಗೆ ಬೇಕೇ ಬೇಕು. ಬೆಲೆ ನೂರಕ್ಕೆ 10 ಏರಿದರೂ ಆ ಮನೆಯವರು ಕೊಳ್ಳುವುದು ನೂರಕ್ಕೆ 2 ಮಾತ್ರ ಕಡಿಮೆ ಮಾಡಿದರು ಅಂತಿಟ್ಟುಕೊಳ್ಳಿ. 2ನ್ನು 10ರಿಂದ ಭಾಗಿಸಿದರೆ 0.2. ಬೇಡಿಕೆ ಹೆಚ್ಚು ಬಗ್ಗಲಿಲ್ಲ. ದಿನಾ ಮುಡಿಯಲಿಕ್ಕೆ ಕೊಳ್ಳುವವರು ಬೆಲೆ ಅಷ್ಟು ಏರಿದರೆ ಭಟ್ಕಳ ಮಲ್ಲಿಗೆಗೋ ಸೇವಂತಿಗೆಗೋ ಹೋಗುತ್ತಾರೆ. ಅವರ ಬೇಡಿಕೆ ಚೆನ್ನಾಗಿ ಬಗ್ಗುತ್ತದೆ. ಹೂ ಒಂದೇ, ಕೊಳ್ಳುವವರು ಬೇರೆ.

‘ಎಳೆದು ಬಿಟ್ಟ ಹಾಗೆ’ ಅನ್ನುವುದು ವಿಜ್ಞಾನ ಪಾಠದಿಂದ ಬಂದದ್ದು. ಅಲ್ಲೂ ಇದೇ ಪದ, ರಬ್ಬರು ಮೊದಲಿನ ಆಕಾರಕ್ಕೆ ಬರುವುದಕ್ಕೆ. ಇಲ್ಲಿ ವಾಪಸ್ ಬರುವ ಮಾತೇ ಇಲ್ಲ. ನಾನು ‘ಬಗ್ಗುವಿಕೆ’ ಅಂತ ಹೇಳಿ ಅರ್ಥ ಮಾಡಿಸಿ, ಪರೀಕ್ಷೆಗೆ ಪುಸ್ತಕದ ಪದ ಬರೆಸುತ್ತೇನೆ.

ಶಿರ್ವದ ಟೀಚರ್

ಸರಿಯಾಗಿ ಹೇಳಿದಿರಿ ಸರ್. ನಾಳೆಯೇ ಮಕ್ಕಳನ್ನು ಕರೆದು ತಿದ್ದಿ ಹೇಳುತ್ತೇನೆ. ಸೀಮಾಂತ ತುಷ್ಟಿಗುಣಕ್ಕೆ ನಾನು ನೀರುದೋಸೆ ಹೇಳುತ್ತೇನೆ. ಹಸಿದವನಿಗೆ ಮೊದಲ ದೋಸೆಗೆ 10 ಅಂಕ, ಎರಡನೆಯದಕ್ಕೆ 8, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 2, ಐದನೆಯದಕ್ಕೆ ಸೊನ್ನೆ. ಇದಾದರೂ ಸರಿಯಾ?

ಮಂಗಳೂರು ಪಿಯು ಉಪನ್ಯಾಸಕ

ಪೂರ್ತಿ ಸರಿ. ತುಷ್ಟಿಗುಣ ಅಂದರೆ ಸಿಗುವ ತೃಪ್ತಿ, ಸೀಮಾಂತ ಅಂದರೆ ‘ಇನ್ನೊಂದು ಹಾಕಿದರೆ’ ಅಂತ ಹೇಳಿ. ಕೆಳಗೆ ಒಟ್ಟನ್ನೂ ಬರೆಸಿ, 10, 18, 23, 25, 25. ಒಟ್ಟು ನಾಲ್ಕನೇ ದೋಸೆಯವರೆಗೆ ಏರುತ್ತಲೇ ಇದೆ, ಐದನೆಯದಕ್ಕೆ ಅಲ್ಲೇ ನಿಲ್ಲುತ್ತದೆ. ಇಳಿಯುತ್ತಿರುವುದು ಸೇರುವ ಪಾಲು. ಇದನ್ನು ಬರೆಸದೆ ಇದ್ದರೆ ಮೂರನೇ ದೋಸೆಯಿಂದ ತೃಪ್ತಿಯೇ ಕಡಿಮೆ ಆಯಿತು ಅಂತ ಬರೆಯುತ್ತಾರೆ.

ಅವಕಾಶ ವೆಚ್ಚವನ್ನೂ ಇಲ್ಲೇ ಮುಗಿಸುತ್ತೇನೆ. ಅವಕಾಶಕ್ಕೆ ಕೊಟ್ಟ ಫೀಸು ಅಂತ ಮಕ್ಕಳು ತಿಳಿಯುತ್ತಾರೆ. ಒಂದು ತುಂಡು ಜಾಗದಲ್ಲಿ ಮಲ್ಲಿಗೆ ಹಾಕಿದಿರಿ. ಅಲ್ಲಿ ಗುಳ್ಳ ಬದನೆ ಹಾಕಬಹುದಿತ್ತು, ಉದ್ದು ಹಾಕಬಹುದಿತ್ತು. ಬಿಟ್ಟದ್ದರಲ್ಲಿ ಯಾವುದು ಜಾಸ್ತಿ ತರುತ್ತಿತ್ತೋ ಅದೊಂದೇ ಅವಕಾಶ ವೆಚ್ಚ. ಎರಡನ್ನೂ ಕೂಡಿಸಬಾರದು, ಒಂದೇ ಜಾಗದಲ್ಲಿ ಎರಡೂ ಬೆಳೆಯುತ್ತಿರಲಿಲ್ಲ ತಾನೆ.

ಕುಂದಾಪುರ ಮಾಸ್ಟ್ರು

ಹಣದುಬ್ಬರ ಉಳಿಯಿತು. ಈ ಪದವೇ ದಾರಿ ತಪ್ಪಿಸುತ್ತದೆ. ಹಣ ಉಬ್ಬಿತು ಅಂದರೆ ಕೈಯಲ್ಲಿ ಹಣ ಜಾಸ್ತಿ ಆಯಿತು ಅಂತಲೇ ಮಗು ತಿಳಿಯುತ್ತದೆ. ನಾನು ‘ಒಟ್ಟಾರೆ ಬೆಲೆ ಏರುವ ವೇಗ’ ಅಂತ ಬರೆಸುತ್ತೇನೆ. ‘ಒಟ್ಟಾರೆ’ ಮತ್ತು ‘ವೇಗ’ದ ಕೆಳಗೆ ಗೆರೆ ಹಾಕಿಸುತ್ತೇನೆ.

ಒಟ್ಟಾರೆ ಯಾಕೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಯುವ ಹಾಗಿಲ್ಲ. ಬಂಗುಡೆ, ಬೂತಾಯಿ ಬೆಲೆ ಏರುತ್ತದೆ. ಮಕ್ಕಳು ಇದನ್ನೇ ಹಣದುಬ್ಬರ ಅನ್ನುತ್ತಾರೆ. ಮೀನು ಒಂದರ ಬೆಲೆ ಏರಿ ಮತ್ತೆ ಇಳಿದರೆ ಅದು ಪೂರೈಕೆಯ ಕಥೆ. ಕುಚ್ಚಲಕ್ಕಿ, ಎಣ್ಣೆ, ಬಸ್ ಚಾರ್ಜು, ಬಾಡಿಗೆ, ಔಷಧಿ ಎಲ್ಲ ಒಂದು ಬುಟ್ಟಿಗೆ ಹಾಕಿ ಆ ಬುಟ್ಟಿಯ ಬೆಲೆ ನೋಡಬೇಕು.

ವೇಗ ಯಾಕೆ? ಬುಟ್ಟಿ ಮೊದಲು 100 ರೂಪಾಯಿ. ಮರುವರ್ಷ 106. ಅದರ ಮರುವರ್ಷ 108 ಚಿಲ್ಲರೆ. ಹಣದುಬ್ಬರ 6ರಿಂದ 2ಕ್ಕೆ ಇಳಿಯಿತು. ಬೆಲೆ ಇಳಿಯಿತಾ? ಇಲ್ಲ. ಪೇಪರಿನಲ್ಲಿ ‘ಹಣದುಬ್ಬರ ಇಳಿಕೆ’ ಅಂತ ಓದಿ ಅಂಗಡಿಗೆ ಹೋದ ಅಮ್ಮ ಯಾಕೆ ಬೈದುಕೊಂಡು ಬರುತ್ತಾರೆ ಅಂತ ಮಕ್ಕಳಿಗೆ ಇಲ್ಲಿ ಗೊತ್ತಾಗುತ್ತದೆ. ರಿಸರ್ವ್ ಬ್ಯಾಂಕಿಗೆ 2016ರಿಂದ ಕೊಟ್ಟಿರುವ ಗುರಿಯೂ ಸೊನ್ನೆ ಅಲ್ಲ, ನೂರಕ್ಕೆ 4. ಅದರಿಂದ ಎರಡು ಮೇಲೆ, ಎರಡು ಕೆಳಗೆ ಹೋಗಬಹುದು.

ಮರೆಮಾಚಿದ ನಿರುದ್ಯೋಗಕ್ಕೆ ಪುಸ್ತಕಗಳಲ್ಲಿ ಗದ್ದೆಯ ಉದಾಹರಣೆ ಇರುತ್ತದೆ. ಮೂವರು ಸಾಕಾಗುವ ಗದ್ದೆಯಲ್ಲಿ ಐವರು. ನಮ್ಮಲ್ಲಿ ಅದು ಮಕ್ಕಳಿಗೆ ತಾಗುವುದಿಲ್ಲ. ಇಲ್ಲಿ ನೇಜಿ (ಭತ್ತದ ಸಸಿ) ನೆಡಲಿಕ್ಕೆ ಜನವೇ ಸಿಗುವುದಿಲ್ಲ, ಮೆಷಿನ್ ಬರುತ್ತದೆ. ಜನ ಮುಂಬೈಗೆ, ಗಲ್ಫಿಗೆ ಹೋಗಿ ಎಷ್ಟೋ ವರ್ಷ ಆಯಿತು. ನಾನು ಒಂದು ಸಣ್ಣ ಗೂಡಂಗಡಿ ಹೇಳುತ್ತೇನೆ. ಅಪ್ಪ ಒಬ್ಬರೇ ನೋಡಿಕೊಳ್ಳುವ ಅಂಗಡಿ. ಕೆಲಸ ಸಿಗದ ಇಬ್ಬರು ಅಣ್ಣಂದಿರೂ ಅಲ್ಲೇ ಕೂರುತ್ತಾರೆ. ವ್ಯಾಪಾರ ಅಷ್ಟೇ. ಅವರಿಬ್ಬರು ಎದ್ದು ಹೋದರೂ ವ್ಯಾಪಾರ ಅಷ್ಟೇ. ಕೇಳಿದರೆ ‘ಅಂಗಡಿ ನೋಡಿಕೊಳ್ಳುತ್ತಾರೆ’ ಅನ್ನುತ್ತಾರೆ. ಮರೆಯಾಗಿರುವುದು ಅದು.

ಕಾಪು ಟೀಚರ್

ಹತ್ತು ದಿನ ಆಯಿತು. ಏನಾಯಿತು ಅಂತ ಹೇಳಬೇಕು ಅಲ್ವಾ.

ದೋಣಿ ಲೆಕ್ಕವನ್ನು ಬೋರ್ಡಿನಲ್ಲಿ ಹಾಕಿದೆ. ಎರಡನೇ ಬೆಂಚಿನ ಹುಡುಗಿಯನ್ನೇ ಕರೆದು ಸೀಮೆಸುಣ್ಣ ಕೊಟ್ಟೆ. ಅವಳ ಅಪ್ಪ ಮಲ್ಪೆಯಲ್ಲಿ ದೋಣಿಗೆ ಹೋಗುವವರು. “ಟೀಚರ್, ಐಸಿಗೆ ಇಷ್ಟು ಕಮ್ಮಿ ಆಗುವುದಿಲ್ಲ” ಅಂತ ಅಂಕಿಯನ್ನೇ ಮೊದಲು ತಿದ್ದಿದಳು. ಆಮೇಲೆ ಇಡೀ ಕ್ಲಾಸ್ ಹೊಸ ಅಂಕಿ ಹಾಕಿ ಮೂರೂ ಕೊರತೆ ತೆಗೆದರು. ಮೂವರು ಸಾಲವನ್ನೂ ಬಂದದ್ದರಲ್ಲಿ ಸೇರಿಸಿದರು, ಸರ್ ಹೇಳಿದ ಹಾಗೆಯೇ. ಪಕ್ಕದವರೇ ತಿದ್ದಿದರು.

ಇಲ್ಲಿ ಯಾರೂ ಕೇಳದ ಒಂದು ಪದ ಸಿಕ್ಕಿತು. ಉತ್ಪಾದನಾಂಗಗಳ ಪಾಠದಲ್ಲಿ ಭೂಮಿಗೆ ಗೇಣಿ, ಶ್ರಮಕ್ಕೆ ಕೂಲಿ, ಬಂಡವಾಳಕ್ಕೆ ಬಡ್ಡಿ, ಸಂಘಟನೆಗೆ ಲಾಭ ಅಂತ ಬರುತ್ತದಲ್ಲ. ಗೇಣಿ ಅಂದರೆ ಬೇರೆಯವರ ಭೂಮಿಯಲ್ಲಿ ಬೇಸಾಯ ಮಾಡಿದ್ದಕ್ಕೆ ಧಣಿಗೆ ಕೊಡುವ ಪಾಲು ಅಂತ ಇಡೀ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ಬನ್ನಿ ಅಂದೆ. ಮರುದಿನ ಪಾಠ ಮಾಡಲಿಕ್ಕೇ ಆಗಲಿಲ್ಲ, ಅಷ್ಟು ಮಾತು. ಒಬ್ಬನ ಅಜ್ಜಿ ಧಣಿಗಳ ಮನೆಗೆ ಅಕ್ಕಿ ಮುಡಿ ಹೊತ್ತುಕೊಂಡು ಹೋಗುತ್ತಿದ್ದದ್ದನ್ನು ಹೇಳಿದ್ದರು. ಇನ್ನೊಬ್ಬಳ ಅಜ್ಜ ಮೂಲಗೇಣಿ (ಕಾಯಂ ಗೇಣಿ) ಬೇರೆ, ಚಾಲಗೇಣಿ (ವರ್ಷ ವರ್ಷದ ಗೇಣಿ) ಬೇರೆ ಅಂತ ಬರೆಸಿ ಕಳಿಸಿದ್ದರು. ಮೂರು ಮನೆಯವರು ಡಿಕ್ಲರೇಶನ್ (ಗೇಣಿ ಜಾಗ ತಮಗೆ ಕೊಡಿ ಅಂತ ಅರ್ಜಿ) ಹಾಕಿ ಜಾಗ ತಮ್ಮದಾದದ್ದನ್ನು ಹೇಳಿದ್ದರು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾದದ್ದನ್ನು ನಾನು ಇತಿಹಾಸದ ಟೀಚರ್ ಆಗಿ ಎಷ್ಟೋ ಸಲ ಹೇಳಿದ್ದೇನೆ. ಅದೇ ಪದ ಅರ್ಥಶಾಸ್ತ್ರದ ಪುಟದಲ್ಲೂ ಕೂತಿದೆ ಅಂತ ಈ ವರ್ಷವೇ ಗಮನಿಸಿದ್ದು.

ಈಗ ಗೋಡೆಯ ಮೇಲೆ ಒಂದು ಚಾರ್ಟ್ ಹಾಕಿದ್ದೇವೆ. ಒಂದು ಬದಿ ಪುಸ್ತಕದ ಪದ, ನಡುವೆ ಮನೆಯ ಪದ, ಕೊನೆಯಲ್ಲಿ ‘ಎಲ್ಲಿ ಬೇರೆ’. ಮೇಲಾಧಾರದ ಎದುರು ಅಡವು ಅಂತ ಬರೆದ ಹುಡುಗ ಕೊನೆಯ ಜಾಗದಲ್ಲಿ ‘ದೋಣಿ ನಮ್ಮ ಹತ್ತಿರವೇ ಇರುತ್ತದೆ’ ಅಂತ ಬರೆದಿದ್ದಾನೆ. ಬ್ಯಾರಿ ಮಾತಾಡುವ ಮಕ್ಕಳು ತಮ್ಮ ಪದಕ್ಕೂ ಜಾಗ ಕೇಳಿದರು, ಒಂದು ಕಾಲಂ ಜಾಸ್ತಿ ಮಾಡಿದೆವು.

ನಾಳೆ ರೆಪೋ ದರ. ಬ್ಯಾಂಕಿನ ಸರ್ ಇದ್ದರೆ ಇವತ್ತು ರಾತ್ರಿಯೊಳಗೆ ಒಂದೆರಡು ಸಾಲು ಬರೆಯಿರಿ.

ಮಣಿಪಾಲದ ನಿವೃತ್ತ ಬ್ಯಾಂಕ್ ನೌಕರ

ಇದ್ದೇನೆ ಟೀಚರ್. ನಿಮ್ಮ ಚಾರ್ಟಿನ ಅಡವನ್ನೇ ತೆಗೆದುಕೊಳ್ಳಿ. ಬ್ಯಾಂಕಿಗೂ ಒಮ್ಮೊಮ್ಮೆ ಕೈಯಲ್ಲಿ ನಗದು ಸಾಕಾಗುವುದಿಲ್ಲ. ಆಗ ತನ್ನ ಹತ್ತಿರ ಇರುವ ಸರಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ಹಣ ತರುತ್ತದೆ. ಇಂಥ ದಿನ ಇಷ್ಟು ಕೊಟ್ಟು ವಾಪಸ್ ಕೊಂಡುಕೊಳ್ಳುತ್ತೇನೆ ಅಂತ ಒಪ್ಪಂದ. ಆ ಮರುಖರೀದಿ ಅನ್ನುವುದರ ಇಂಗ್ಲಿಷ್ ಪದವನ್ನೇ ಚಿಕ್ಕದು ಮಾಡಿದ್ದು ರೆಪೋ. ಅದಕ್ಕೆ ಕೊಡುವ ಬಡ್ಡಿ ರೆಪೋ ದರ. ‘ಎಲ್ಲಿ ಬೇರೆ’ ಕಾಲಂನಲ್ಲಿ ಹೀಗೆ ಬರೆಸಿ: ಅಡವಿನಲ್ಲಿ ಚಿನ್ನ ನಮ್ಮದೇ ಆಗಿರುತ್ತದೆ, ಇಲ್ಲಿ ಲೆಕ್ಕಕ್ಕೆ ಮಾರಿ ಮತ್ತೆ ಕೊಳ್ಳುವುದು. ದರ ಏರಿದರೆ ಬ್ಯಾಂಕಿಗೆ ಹಣ ದುಬಾರಿ, ಸ್ವಲ್ಪ ಸಮಯದಲ್ಲಿ ನಮ್ಮ ಮನೆ ಸಾಲದ ಕಂತಿಗೂ ಅದು ಬರುತ್ತದೆ. ನಾಳೆ ಮಕ್ಕಳು ಏನು ಕೇಳಿದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.